ಗಜೇಂದ್ರಗಡದ ಒಪ್ಪಂದ: ಒಂದು ಮರುಚಿಂತನೆ

ಮೈಸೂರಿನ ಚರಿತ್ರೆಯನ್ನು ಕುರಿತ ಬರೆಹಗಳಲ್ಲಿ 1784ರ ಮಂಗಳೂರು ಒಪ್ಪಂದಕ್ಕೂ 1792ರ ಶ್ರೀರಂಗಪಟ್ಟಣದ ಒಪ್ಪಂದಕ್ಕೂ ವಿಸ್ತಾರವಾದ ಸ್ಥಾನವುಂಟು. ಇವೆರಡರ ನಡುವೆ, 1787ರ ಏಪ್ರಿಲ್‌ನಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಏರ್ಪಟ್ಟ ಗಜೇಂದ್ರಗಡದ ಒಪ್ಪಂದಕ್ಕೆ ಸಾಮಾನ್ಯವಾಗಿ ದೊರೆಯುವುದು ಒಂದೆರಡು ವಾಕ್ಯ ಮಾತ್ರ. ಗೆದ್ದವರು ಯಾರು ಎಂಬ ಒಂದೇ ಪ್ರಶ್ನೆಯಿಂದ ಇದನ್ನು ಅಳೆಯುವ ರೂಢಿಯೇ ಈ ಉಪೇಕ್ಷೆಗೆ ಕಾರಣವೆಂದು ತೋರುತ್ತದೆ.

ಕಲಹದ ಮೂಲ ನರಗುಂದ. ಅಲ್ಲಿಯ ಭಾವೆ ಮನೆತನದ ವೆಂಕಟರಾಯನು ಮೈಸೂರಿಗೆ ಕಪ್ಪ ಸಲ್ಲಿಸಬೇಕಾಗಿದ್ದರೂ ಪುಣೆಯ ಆಶ್ರಯವನ್ನು ನಂಬಿದವನು. 1785ರಲ್ಲಿ ಟಿಪ್ಪು ನರಗುಂದವನ್ನು ವಶಪಡಿಸಿಕೊಂಡನು. ಮರುವರ್ಷ ಮರಾಠರು ನಿಜಾಮನೊಡಗೂಡಿ ಬಾದಾಮಿಯನ್ನು ಗೆದ್ದರು. ಟಿಪ್ಪು ಆದವಾನಿಯನ್ನು ಹಿಡಿದು, ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ದಾಟಿ ಸವಣೂರನ್ನು ಸೇರಿದನು. ರಣದಲ್ಲಿ ಮೇಲುಗೈ ಅವನದು. ಆದರೂ ಒಪ್ಪಂದದ ಪ್ರಕಾರ ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ ಸಂದವು. ಆದವಾನಿ ನಿಜಾಮನ ಪಕ್ಷಕ್ಕೆ ಮರಳಿತು. ಬಾಕಿ ಕಪ್ಪವೆಂದು 48 ಲಕ್ಷ ರೂಪಾಯಿ ನಿಗದಿಯಾಯಿತು.

ಇದಕ್ಕೆ ಪ್ರತಿಯಾಗಿ ಟಿಪ್ಪು ಪಡೆದುದರಲ್ಲಿ ಗಮನಾರ್ಹವಾದುದು ಒಂದು ಸಂಬೋಧನೆ: ಮರಾಠರು ಅವನನ್ನು ನವಾಬನೆಂದು ಕರೆಯಲು ಒಪ್ಪಿದರು. ಶಾಸನಗಳ ಬಿರುದಾವಳಿಯನ್ನು ಬಲ್ಲವರಿಗೆ ಇದು ಅಲ್ಪ ಸಂಗತಿಯಲ್ಲ. ಕಪ್ಪವೆಂಬ ಪದ ಅವನನ್ನು ಅಧೀನನೆನ್ನುತ್ತದೆ. ನವಾಬನೆಂಬ ಪದ ಮಾನ್ಯ ಪ್ರಭುವೆನ್ನುತ್ತದೆ. ಎರಡೂ ಪಕ್ಷಗಳು ತಮಗೆ ಬೇಕಾದುದನ್ನು ಓದಿಕೊಳ್ಳಲು ಅವಕಾಶವಿತ್ತ ಈ ದ್ವಂದ್ವವೇ ಸಂಧಿಯನ್ನು ಸಾಧ್ಯವಾಗಿಸಿತು. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಆಂಗ್ಲರ ವಿರುದ್ಧ ಮರಾಠರ ಸ್ನೇಹವನ್ನು ಬಯಸಿ ಟಿಪ್ಪು ನೆಲವನ್ನು ಬಿಟ್ಟನೆಂಬ ವಿವರಣೆ ಸಮಂಜಸವೇ. ಆದರೆ ಮೂರೇ ವರ್ಷಗಳಲ್ಲಿ, 1790ರಲ್ಲಿ, ಮರಾಠರೂ ನಿಜಾಮನೂ ಆಂಗ್ಲರೊಡನೆ ಕೂಡಿದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಹೀಗಿರಲು, ಗಜೇಂದ್ರಗಡವನ್ನು ಟಿಪ್ಪುವಿನ ಸೋಲೆನ್ನುವುದೂ ಔದಾರ್ಯವೆನ್ನುವುದೂ ಏಕಪಕ್ಷೀಯ. ಕೈಬದಲಾದ ಊರುಗಳಲ್ಲಿ ಹೆಚ್ಚಿನವು ಕನ್ನಡದವು. ಅವುಗಳ ದೃಷ್ಟಿಯಿಂದ ಈ ಒಪ್ಪಂದದ ಅಧ್ಯಯನ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಇದಕ್ಕೆ ಮರಾಠಿ, ಪಾರಸಿ ಆಕರಗಳನ್ನು ಕನ್ನಡ ಆಕರಗಳೊಡನೆ ಜೋಡಿಸಿ ಓದುವುದು ಅಗತ್ಯ. ಹೊರನಾಡಿನಲ್ಲಿ ಅನ್ಯಭಾಷಾ ವಿದ್ವಾಂಸರ ಒಡನಾಟವಿರುವ ಕನ್ನಡ ಸಂಶೋಧಕರು ಈ ಕಾರ್ಯಕ್ಕೆ ವಿಶೇಷವಾಗಿ ಅರ್ಹರು.

ಆರ್.ಕೆ.ಪುರಂ, ನವದೆಹಲಿ