ಕೈಪಿಡಿ ಕೊಟ್ಟು ಬೀಗ ಹಾಕಿದವರು

ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬದಲಿಸುವುದು ಹತ್ತು ನಿಮಿಷದ ಕೆಲಸ ಎನ್ನುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಉಳಿದರ್ಧ ತಿಳಿಯಬೇಕಾದರೆ 2012ರ ಥಿಂಕ್‌ಪ್ಯಾಡ್ ಎಕ್ಸ್230 ಬಿಚ್ಚಬೇಕು.

ಬಿಚ್ಚುವವರಿಗೆ ಇಷ್ಟು ಸಹಕರಿಸುವ ಯಂತ್ರ ಅಪರೂಪ. ಯಾವ ಸ್ಕ್ರೂ ಎಲ್ಲಿದೆ ಎಂದು ತೋರಿಸುವ ದುರಸ್ತಿ ಕೈಪಿಡಿಯನ್ನು ಲೆನೊವೊ ಕಂಪನಿಯೇ ಎಲ್ಲರ ಕೈಗೆ ಇಟ್ಟಿದೆ. ಬ್ಯಾಟರಿ ತೆಗೆದು, ಕೀಬೋರ್ಡನ್ನೂ ಅಂಗೈ ಊರುವ ಹಲಗೆಯನ್ನೂ ಕಳಚಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಾರ್ಡು ಕಾಣುತ್ತದೆ. ಪರದೆಯ ಅಂಚಿನ ಆಂಟೆನಾಗಳಿಂದ ಇಳಿದ ತಂತಿಗಳು ಅದಕ್ಕೆ ಟಿಚ್ ಬಟನ್ನಿನಂತೆ ಕೂತಿರುತ್ತವೆ. ಅವನ್ನು ನೇರವಾಗಿ ಮೇಲೆತ್ತಬೇಕು. ಪಕ್ಕಕ್ಕೆ ಎಳೆದರೆ ತಲೆಯೇ ಕಿತ್ತು ಬರುತ್ತದೆ.

ಲಾಭವೇನು? ಈ ಮಾದರಿಗೆ ಬರುತ್ತಿದ್ದ ಇಂಟೆಲ್ 2200 ಕಾರ್ಡಿನ ಗರಿಷ್ಠ ವೇಗ ಸೆಕೆಂಡಿಗೆ 300 ಮೆಗಾಬಿಟ್. ಅದಕ್ಕಿಂತ ಮೇಲಿನ 6205ರದ್ದೂ 300! ಅಂಕಿ ನೋಡಿ ಕೊಳ್ಳುವವನು ಇಲ್ಲೇ ವಾಪಸ್ ಹೋಗುತ್ತಾನೆ. ಆದರೆ 2200ಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ. ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ರೌಟರ್‌ಗಳು ಅಲ್ಲೇ ನೂಕಾಡುತ್ತವೆ. 6205ಕ್ಕೆ 5 ಗಿಗಾಹರ್ಟ್ಸ್ ಕೂಡ ತೆರೆದಿದೆ. ಸಿಗುವುದು ಹೆಚ್ಚಿನ ವೇಗವಲ್ಲ, ಖಾಲಿ ರಸ್ತೆ. ರೌಟರಿಗೆ ಆ ತರಂಗ ಗೊತ್ತಿಲ್ಲದಿದ್ದರೆ ಅದೂ ಇಲ್ಲ.

ಇನ್ನು ಬೀಗದ ಮಾತು. ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶವಾದ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ 1802 ಎಂಬ ದೋಷಸಂಖ್ಯೆ ತೋರಿಸಿ ಅಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ 6205 ಆದರೂ, ಲೆನೊವೊ ಗುರುತು ಅದರಲ್ಲಿಲ್ಲದಿದ್ದರೆ ಪ್ರವೇಶವಿಲ್ಲ. ರೇಡಿಯೊ ಕಾನೂನಿನ ಪ್ರಕಾರ ಕಾರ್ಡು, ಆಂಟೆನಾ ಎರಡಕ್ಕೂ ಒಟ್ಟಿಗೇ ಅನುಮತಿ ಪಡೆಯಬೇಕು ಎಂಬುದು ಇಂಥ ಬೀಗಕ್ಕೆ ಕೊಡುವ ಸಮರ್ಥನೆ. ಕಾಳಜಿ ಸುಳ್ಳಲ್ಲ. ಆದರೆ ಅದೇ ಚಿಪ್ಪು, ಅದೇ ಆಂಟೆನಾ ಇದ್ದಾಗ ಬರೀ ಗುರುತಿನ ಸಂಖ್ಯೆ ಬೇರೆಯಾದರೆ ತರಂಗ ಬದಲಾಗುತ್ತದೆಯೇ? ಯಾವುದೋ ಯುಎಸ್‌ಬಿ ವೈಫೈ ಕಡ್ಡಿ ಚುಚ್ಚಿದರೆ ಇದೇ ಬಯೋಸ್ ಕಮಕ್ ಕಿಮಕ್ ಎನ್ನುವುದಿಲ್ಲ. ಕಾನೂನು ಕಾಯುವವನು ಹಿತ್ತಲ ಬಾಗಿಲನ್ನು ಹೀಗೆ ತೆರೆದಿಡುವುದಿಲ್ಲ.

ಹಾಗಿದ್ದೂ ಎಕ್ಸ್230 ಮೇಲು ಎನಿಸುವ ಕಾಲ ಬಂದಿದೆ. ಇಂದಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೀಗವಾದರೆ ತೆಗೆಯಬಹುದು, ಹವ್ಯಾಸಿಗಳು ಬಯೋಸ್ ತಿದ್ದಿ ತೆಗೆದೂ ಇದ್ದಾರೆ. ಬೆಸುಗೆಯ ಮುಂದೆ ಅವರೂ ಕೈಚೆಲ್ಲುತ್ತಾರೆ. ಆದ್ದರಿಂದ ಕಾರ್ಡು ಕೊಳ್ಳುವ ಮೊದಲು ಮೂರನ್ನು ನೋಡಿ: ನಿಮ್ಮ ರೌಟರಿನ ತರಂಗ, ಬಯೋಸಿನ ಪಟ್ಟಿ, ಲ್ಯಾಪ್‌ಟಾಪಿನ ಸ್ಲಾಟು. ಡಬ್ಬಿಯ ಮೇಲಿನ ಅಂಕಿಯನ್ನು ಕೊನೆಗೆ ನೋಡಿದರೆ ಸಾಕು.