ಕೋರಾಪುಟದ ಎರಡು ಚಿತ್ರಗಳು: ಕಾದಂಬರಿ ಮತ್ತು ವರದಿ

ಒಡಿಶಾದ ದಕ್ಷಿಣದಲ್ಲಿರುವ ಗುಡ್ಡಗಾಡು ಜಿಲ್ಲೆ ಕೋರಾಪುಟವನ್ನು ಕುರಿತ ಎರಡು ಕೃತಿಗಳನ್ನು ಒಟ್ಟಿಗೆ ಓದುವುದು ಉಚಿತ. ಗೋಪೀನಾಥ ಮೊಹಾಂತಿಯವರ ಒಡಿಯಾ ಕಾದಂಬರಿ ‘ಪರಜಾ’ 1945ರದು. ಪಿ. ಸಾಯಿನಾಥ್ ಅವರು ಬಡ ಜಿಲ್ಲೆಗಳಿಂದ ಬರೆದ ವರದಿಗಳು ಇಂಗ್ಲಿಷಿನಲ್ಲಿ 1996ರಲ್ಲಿ ಪುಸ್ತಕವಾದವು, ಜಿ. ಎನ್. ಮೋಹನ್ ಅವರು ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದಿದ್ದಾರೆ. ಇವೆರಡರ ನಡುವಿನ ಅರ್ಧ ಶತಮಾನದಲ್ಲಿ ಸ್ವಾತಂತ್ರ್ಯವೂ ಪಂಚವಾರ್ಷಿಕ ಯೋಜನೆಗಳೂ ಬಂದಿದ್ದವು.

‘ಪರಜಾ’ದ ಸುಕ್ರು ಜಾನಿ ಅರಣ್ಯ ಇಲಾಖೆಯ ದಂಡ ಕಟ್ಟಲು ಸಾಲ ಮಾಡಿ ಮಕ್ಕಳೊಡನೆ ಜೀತಕ್ಕೆ ಬೀಳುತ್ತಾನೆ. ಭೂಮಿ ಕೈತಪ್ಪುತ್ತದೆ, ಕೊನೆಗೆ ಸಾಹುಕಾರನ ಕೊಲೆಯಾಗುತ್ತದೆ. ಅನ್ಯಾಯಕ್ಕೆ ಅಲ್ಲೊಂದು ಮುಖವಿದೆ, ಹೆಸರಿದೆ.

ಸಾಯಿನಾಥರು ಕಂಡ ಚಿಕಾಪರ್ ಗ್ರಾಮದ ಪಾಡು ಬೇರೆ. 1968ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಮಿಗ್ ಯೋಜನೆಗಾಗಿ ಎಬ್ಬಿಸಲ್ಪಟ್ಟ ಜನ ಬೇರೆಡೆ ನೆಲೆಸಿ, ಹೊಸ ಊರಿಗೂ ಹಳೆಯ ಹೆಸರನ್ನೇ ಇಟ್ಟರು. 1980ರ ದಶಕದಲ್ಲಿ ಅಪ್ಪರ್ ಕೊಲಾಬ್ ಯೋಜನೆ ಹಾಗೂ ನೌಕಾದಳದ ಶಸ್ತ್ರಾಗಾರಕ್ಕಾಗಿ ಅಲ್ಲಿಂದಲೂ ಏಳಬೇಕಾಯಿತು. ಪುಸ್ತಕದ ವೇಳೆಗೆ ಮೂರನೆಯ ಬಾರಿಯ ಭೀತಿ. ಪುಸ್ತಕದ ಇತರ ಪುಟಗಳಲ್ಲಿ ಸಾಹುಕಾರ ಇದ್ದೇ ಇದ್ದಾನೆ. ಆದರೆ ಚಿಕಾಪರಿನ ಜನಕ್ಕೆ ಎದುರು ನಿಂತು ಕೇಳಲು ಯಾರೂ ಇಲ್ಲ. ರಕ್ಷಣೆ, ವಿದ್ಯುತ್ತು, ನೀರಾವರಿ ಇವೆಲ್ಲ ರಾಷ್ಟ್ರದ ಅಗತ್ಯಗಳೇ. ಅವುಗಳ ಬೆಲೆಯನ್ನು ಪದೇ ಪದೇ ಒಂದೇ ಊರು ತೆರುವುದೇಕೆಂಬ ಪ್ರಶ್ನೆಗೆ ಯಾವ ಕಚೇರಿಯೂ ಬಾಧ್ಯವಲ್ಲ. ಆ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಕನ್ನಡ ಓದುಗನೂ ಈ ವೃತ್ತಾಂತಕ್ಕೆ ಪೂರ್ತಿ ಹೊರಗಿನವನಲ್ಲ.

ಉತ್ತರ ಕೊಡಬೇಕಾದವರನ್ನು ಯೋಜನೆಯ ಕಡತಗಳಲ್ಲಿ ಹುಡುಕಿದ್ದು ಸಾಯಿನಾಥರ ಸಾಧನೆ. ಆದರೆ ಅವರ ಮುಖ್ಯ ಸಾಧನವಾದ ವ್ಯಂಗ್ಯಕ್ಕೆ ಒಂದು ಮಿತಿಯಿದೆ. ನುವಾಪಡಾ ಸೀಮೆಯ ಕೊಮ್ನಾದಲ್ಲಿ ಊರ ಹೋರಿಗಳ ಬೀಜ ಒಡೆಸಿ ಜರ್ಸಿ ತಳಿ ತರಹೊರಟ ಯೋಜನೆಯ ಕಥೆ ಓದಿ ನಾವು ನಗುತ್ತೇವೆ. ನಕ್ಕು ಹಗುರಾಗುವ ಅಪಾಯವೂ ಇದೆ. ಸಂತ್ರಸ್ತರ ಅಂತರಂಗಕ್ಕೆ ಇಳಿಯಲು ಬಿಡಿ ವರದಿಯಲ್ಲಿ ಅವಕಾಶ ಕಡಿಮೆ. ಮೊಹಾಂತಿಯವರ ಕಾದಂಬರಿಯಾದರೋ ಹಾಡು, ಹಬ್ಬ, ಹಂಬಲಗಳ ಮೂಲಕ ಕಳೆದುಹೋದದ್ದು ಏನೆಂಬುದನ್ನು ತಿಳಿಸುತ್ತದೆ. ಹಾಗೆ ತಿಳಿಯದೆ ಪರಿಹಾರದ ಮೊತ್ತವನ್ನು ಕುರಿತ ಯಾವ ಚರ್ಚೆಯೂ ಅಪೂರ್ಣ.

ಆಡಳಿತ ಕನ್ನಡದಲ್ಲಿ ಯೋಜನೆಯ ಪಟ್ಟಿಗೆ ಸೇರಿದವರೆಲ್ಲ ‘ಫಲಾನುಭವಿ’ಗಳು, ಫಲ ಕೈಸೇರುವ ಮುನ್ನವೇ ಹೆಸರು ಬಂದಿರುತ್ತದೆ. ಇಂಥ ಪದಗಳನ್ನು ಅನುಮಾನದಿಂದ ನೋಡಲು ಮೋಹನ್ ಅವರ ಅನುವಾದ ಕನ್ನಡಿಗರಿಗೆ ನೆರವಾಗುತ್ತದೆ. ಅದನ್ನು ಬೋಧಿಸುವ ವಿಭಾಗಗಳು ‘ಪರಜಾ’ವನ್ನೂ ಜೊತೆಗಿಡುವುದು ಅಗತ್ಯ.