ದೀಪ ಆರಿದ ಮಾತ್ರಕ್ಕೆ

ಕಾರವಾರ, ಅಂಕೋಲಾ ಸೀಮೆಯ ಲಾರಿ ಮಾಲೀಕರ ನಡುವೆ ಕೆಲವು ಕೆಲಸಗಳಿಗೆ ಯೋಗ್ಯತೆ ಮೀರಿದ ಹೆಸರು ಬಂದುಬಿಟ್ಟಿದೆ. ಅವುಗಳಲ್ಲಿ ಮೊದಲನೆಯದು ಆಯಿಲ್ ಪ್ರೆಶರ್ ಸೆನ್ಸರನ್ನು ಮನೆಯಂಗಳದಲ್ಲೇ ಬದಲಿಸುವುದು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಹನಿಯ ಕೆಂಪು ದೀಪ ಹತ್ತುತ್ತದೆ, ಅವರ್ಸಾದಲ್ಲೋ ಚೆಂಡಿಯಾದಲ್ಲೋ ತೆಂಗಿನಮರದ ಪಕ್ಕ ಲಾರಿ ನಿಲ್ಲಿಸಿ ಕ್ಯಾಬಿನ್ ಎತ್ತುತ್ತಾರೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ, ದೀಪ ಆರುತ್ತದೆ. ಗ್ಯಾರೇಜಿನ ಖರ್ಚು ಉಳಿಯಿತು, ಬಾಡಿಗೆ ತಪ್ಪಲಿಲ್ಲ. ಬಾಳೆಗುಳಿ ಕ್ರಾಸಿನ ಸುತ್ತಮುತ್ತ ಚಹಾ ಕುಡಿಯುತ್ತ ನಿಂತವರು ಇದನ್ನು ಸ್ವಂತ ಕೈಯ ಜಾಣ್ಮೆಗೆ ದೊಡ್ಡ ಸಾಕ್ಷಿ ಎಂಬಂತೆ ಹೇಳುತ್ತಾರೆ. ಮನೆಯಲ್ಲಿ ಮಾಡಿದರು ಎಂಬುದಕ್ಕೆ ನನ್ನ ತಕರಾರಿಲ್ಲ. ದೀಪ ಆರಿದಲ್ಲಿಗೆ ಕಥೆ ಮುಗಿಯುತ್ತದಲ್ಲ, ತಕರಾರು ಅಲ್ಲಿಂದ ಶುರು.

ಬಿಚ್ಚುವ, ಕೂರಿಸುವ ಕ್ರಮವನ್ನು ಇಲ್ಲಿ ವಿವರಿಸಬೇಕಿಲ್ಲ. ಎತ್ತಿದ ಕ್ಯಾಬಿನ್ನಿಗೆ ಲಾಕ್ ಬಿದ್ದಿದೆಯೇ ನೋಡುವುದು, ಬ್ಯಾಟರಿಯ ವೈರು ಕಳಚುವುದು, ಚಕ್ರಕ್ಕೆ ಮರದ ತುಂಡು ಕೊಡುವುದು ಇವೆಲ್ಲ ಕ್ಲೀನರ್ ಹುಡುಗನಿಗೂ ಗೊತ್ತು. ಸರಿಯಾದ ಪಾನಾ ಕೈಯಲ್ಲಿದ್ದರೆ ಉಳಿದದ್ದು ಹತ್ತು ನಿಮಿಷದ ಮಾತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಕೀರ್ತಿ ಬಂದದ್ದು ಹೇಗೆ ಎಂದು ಕೇಳಿಕೊಳ್ಳಬೇಕು.

ಹಳೆಯ ಲಾರಿಗಳಲ್ಲಿರುವ ಒಂಟಿ ವೈರಿನ ಸ್ವಿಚ್ಚಿಗೆ ತಿಳಿದಿರುವುದು ಒಂದೇ ಅಂಕಿ. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕೆಜಿಗಿಂತ ಕೆಳಗಿಳಿದರೆ ಒಳಗಿನ ಸಂಪರ್ಕ ಕೂಡಿಕೊಂಡು ದೀಪ ಹತ್ತುತ್ತದೆ, ಮೇಲೇರಿದರೆ ಆರುತ್ತದೆ. ಓಡುವಾಗ ಮೂರೋ ನಾಲ್ಕೋ ಕೆಜಿ ಇರಬೇಕಾದ ಎಂಜಿನ್ನಿನಲ್ಲಿ ಒಂದೂವರೆಯೇ ಉಳಿದಿದ್ದರೂ ಈ ಸ್ವಿಚ್ಚಿನ ಲೆಕ್ಕದಲ್ಲಿ ಎಲ್ಲ ಕ್ಷೇಮ. ದೀಪ ಹತ್ತುವ ಹೊತ್ತಿಗೆ ಕ್ರ್ಯಾಂಕ್ ಬೇರಿಂಗಿನ ಎಣ್ಣೆಪದರ ಆಗಲೇ ತೆಳುವಾಗಿರುತ್ತದೆ. ಅಂಥ ದೀಪ ಹತ್ತಿದಾಗ ನಂಬಬೇಕಾದದ್ದು ದೀಪವನ್ನೇ. ಅದು ಸುಳ್ಳು ಹೇಳುತ್ತಿದೆ ಎನ್ನುವವರು ರುಜುವಾತು ಕೊಡಬೇಕು. ಮನೆಯಂಗಳದ ಪದ್ಧತಿ ಇದನ್ನು ತಿರುಗುಮುರುಗು ಮಾಡಿದೆ. ಅಲ್ಲಿ ದೀಪವೇ ಮೊದಲ ಆರೋಪಿ.

ಹೊಸದು ಹಾಕಿದ ಕೂಡಲೇ ಆರಿತಲ್ಲ, ಹಾಗಾದರೆ ಹಳೆಯದೇ ಕೆಟ್ಟಿತ್ತಲ್ಲವೇ ಎನ್ನುತ್ತಾರೆ. ಇಡೀ ಕೀರ್ತಿ ನಿಂತಿರುವುದು ಈ ಒಂದು ವಾಕ್ಯದ ಮೇಲೆ, ಹಾಗಾಗಿ ಅದನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕು. ಸೆನ್ಸರ್ ಬದಲಿಸುವವರು ಬಹುಪಾಲು ಅದೇ ದಿನ ಆಯಿಲ್ಲನ್ನೂ ಬದಲಿಸುತ್ತಾರೆ. ಸವೆದು ನೀರಾದ ಎಣ್ಣೆ ಹೋಗಿ ಹೊಸ 15ಡಬ್ಲ್ಯು-40 ಬಂದರೆ ಸಡಿಲ ಬೇರಿಂಗಿನಲ್ಲೂ ಒತ್ತಡ ತುಸು ಏರುತ್ತದೆ. ದೀಪ ಆರಿದ್ದು ಎಣ್ಣೆಯಿಂದ, ಹೆಸರು ಹೋದದ್ದು ಸೆನ್ಸರಿಗೆ. ಇನ್ನೊಂದು, ಪ್ಲಗ್ ಕಿತ್ತು ಮತ್ತೆ ಚುಚ್ಚಿದಾಗ ಒಳಗಿನ ಹಸಿರು ಕಿಲುಬು ಉಜ್ಜಿಹೋಗಿ, ಅದರ ಮೂಲಕ ವೈರಿಗೆ ಸಿಗುತ್ತಿದ್ದ ಸುಳ್ಳು ಅರ್ಥಿಂಗ್ ತಪ್ಪುತ್ತದೆ. ಸೆನ್ಸರ್ ಮುಟ್ಟದೆ ಪ್ಲಗ್ಗನ್ನಷ್ಟೇ ಸ್ವಚ್ಛ ಮಾಡಿದ್ದರೂ ಅದೇ ಫಲ ಸಿಗುತ್ತಿತ್ತು. ಮೂರನೆಯದು ನಿಜಕ್ಕೂ ಅಪಾಯದ್ದು. ಅಂಗಡಿಯಲ್ಲಿ ಒಂದೇ ಥ್ರೆಡ್ಡಿನ, ಬೇರೆ ಬೇರೆ ಒತ್ತಡಕ್ಕೆ ಕೂಡುವ ಸ್ವಿಚ್ಚುಗಳು ಸಿಗುತ್ತವೆ. ಅರ್ಧ ಕೆಜಿಗೆ ಎಚ್ಚರಿಸುತ್ತಿದ್ದ ಸ್ವಿಚ್ಚಿನ ಜಾಗದಲ್ಲಿ ಅದಕ್ಕೂ ಕಡಿಮೆಗೆ ಎಚ್ಚರಿಸುವುದನ್ನು ಕೂರಿಸಿದರೆ ಎಂಜಿನ್ನಿನಲ್ಲಿ ಏನೂ ಬದಲಾಗುವುದಿಲ್ಲ, ದೀಪ ಮಾತ್ರ ಆರುತ್ತದೆ. ಹಾಗೆ ಆರಿದ ದೀಪಕ್ಕಿಂತ ಉರಿಯುತ್ತಿದ್ದ ದೀಪವೇ ಮೇಲಿತ್ತು.

ಈ ಮೂರರಲ್ಲೂ ನಿಜವಾದ ಒತ್ತಡವನ್ನು ತೋರಿಸುವ ಉಪಕರಣ ಒಂದಿದೆ. ಅದಕ್ಕೆ ಹೆಸರಿಲ್ಲದಿರುವುದೇ ಈ ಲೇಖನಕ್ಕೆ ಕಾರಣ. ಉದ್ದ ಹೋಸ್ ಇರುವ ಮುಳ್ಳಿನ ಗೇಜು. ಹಳೆಯ ಸೆನ್ಸರ್ ಬಿಚ್ಚಿದ ತೂತು ಎಂಜಿನ್ನಿನ ಮುಖ್ಯ ಎಣ್ಣೆನಾಳಕ್ಕೇ ತೆರೆದುಕೊಂಡಿರುತ್ತದೆ. ಹೊಸದನ್ನು ಕೂರಿಸುವ ಮೊದಲು ಅದೇ ತೂತಿಗೆ ಗೇಜಿನ ತುದಿ ತಿರುಗಿಸಿ, ಹೋಸನ್ನು ಫ್ಯಾನಿಗೂ ಸೈಲೆನ್ಸರಿಗೂ ತಾಗದಂತೆ ಕಟ್ಟಿ, ಎಂಜಿನ್ ಚಾಲೂ ಮಾಡಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಮುಳ್ಳು ಜಿಗಿದು ನಿಲ್ಲುತ್ತದೆ. ಎಣ್ಣೆ ದಪ್ಪಗಿರುವಾಗ ಸವೆದ ಎಂಜಿನ್ನೂ ಒಳ್ಳೆಯ ಅಂಕಿ ತೋರಿಸುತ್ತದೆ. ಅಷ್ಟಕ್ಕೇ ಗೇಜು ಬಿಚ್ಚುವವರು ಪರೀಕ್ಷೆಯನ್ನು ಹಾಳು ಮಾಡುತ್ತಾರೆ. ಕಾಯಬೇಕು. ಎಣ್ಣೆ ಪೂರ್ತಿ ಕಾದ ಮೇಲೆ ಐಡ್ಲಿಂಗಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದೇ ಉತ್ತರ. ಕಂಪನಿಯ ಪುಸ್ತಕದಲ್ಲಿ ಆಯಾ ಎಂಜಿನ್ನಿನ ಅಂಕಿ ಇರುತ್ತದೆ. ಸಾಮಾನ್ಯವಾಗಿ ಒಂದು ಕೆಜಿಯ ಆಸುಪಾಸಿನಲ್ಲಿ ಅಲುಗದೆ ನಿಂತು, ರೇಸ್ ಕೊಟ್ಟಾಗ ಸಲೀಸಾಗಿ ಏರಿದರೆ ಎಂಜಿನ್ ನಿರಪರಾಧಿ. ಆಗ ಹೊಸ ಸೆನ್ಸರ್ ಹಾಕಿ, ಸಂಶಯವಿಲ್ಲದೆ ಹಾಕಿ. ಮುಳ್ಳು ಕೆಳಗೇ ತಡಬಡಿಸಿದರೆ ಎಣ್ಣೆಯ ಮಟ್ಟ, ಡೀಸೆಲ್ ಬೆರಕೆ, ಚೇಂಬರಿನ ಜಾಲರಿ, ಪಂಪು, ರಿಲೀಫ್ ವಾಲ್ವು, ಬೇರಿಂಗು ಎಂದು ಹುಡುಕಬೇಕಾಗುತ್ತದೆ. ಕಡ್ಡಿಯಲ್ಲಿ ಎಣ್ಣೆ ಹೆಚ್ಚಾಗಿಯೇ ಕಂಡಿತೆಂದು ಸಮಾಧಾನಪಡಬೇಡಿ. ಇಂಜೆಕ್ಟರಿನಿಂದ ಡೀಸೆಲ್ ಇಳಿಯುತ್ತಿದ್ದರೆ ಮಟ್ಟ ಏರುತ್ತದೆ, ಒತ್ತಡ ಇಳಿಯುತ್ತದೆ.

ಈ ಊರಿನ ರಸ್ತೆಯೇ ಅಂಥ ಪರೀಕ್ಷೆಯನ್ನು ದಿನವೂ ಮಾಡುತ್ತದೆ. ಅಂಕೋಲೆಯಿಂದ ಸುಂಕಸಾಳ, ರಾಮನಗುಳಿ ದಾಟಿ ಅರಬೈಲ್ ಘಾಟಿಯನ್ನು ಲೋಡಿನೊಂದಿಗೆ ಹತ್ತಿದ ಲಾರಿಯನ್ನು ಇಡಗುಂದಿಯ ಹತ್ತಿರ ನಿಲ್ಲಿಸಿ ಐಡ್ಲಿಂಗಿಗೆ ಬಿಡಿ. ಮನೆಯಂಗಳದಲ್ಲಿ ಆರಿದ್ದ ದೀಪ ಅಲ್ಲಿ ಮಿಣುಕಿದರೆ ತಪ್ಪು ಸೆನ್ಸರಿನದಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಹಾಕುವ ತನಕ ಇದೇ ಘಾಟಿಯಲ್ಲಿ ಬೇಲೆಕೇರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಅಂಥ ಹೊರೆಯಲ್ಲಿ ದುಡಿದ ಎಂಜಿನ್ನಿನ ದೀಪವನ್ನು ಸೆನ್ಸರಿನ ದೋಷವೆಂದು ತಳ್ಳಿಹಾಕಲು ಬಹಳ ಧೈರ್ಯ ಬೇಕು.

ಇಲ್ಲಿಗೆ ಉಪ್ಪಿನ ವಾದದವರು ಬರುತ್ತಾರೆ. ಕಡಲಗಾಳಿ, ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಬೈತಖೋಲ ಬಂದರಿನಿಂದ ಹೊರಟ ಮೀನು ಲಾರಿಗಳು ದಾರಿಯುದ್ದಕ್ಕೂ ಸುರಿಸುವ ಉಪ್ಪುನೀರು ಇವೆಲ್ಲ ಸೆನ್ಸರನ್ನು ತಿನ್ನುತ್ತವೆ, ಆದ್ದರಿಂದ ಕರಾವಳಿಯಲ್ಲಿ ಕೇಳದೆಯೇ ಬದಲಿಸಬೇಕು ಎಂಬುದು ಅವರ ಮಾತು. ಅರ್ಧ ನಿಜ. ಉಪ್ಪು ಮೊದಲು ತಿನ್ನುವುದು ಹೊರಗಿನ ಪ್ಲಗ್ಗನ್ನು ಮತ್ತು ವೈರಿನ ತುದಿಯನ್ನು. ಒತ್ತಡ ಅಳೆಯುವ ಒಳಪರದೆ ಎಣ್ಣೆಯ ಕಡೆಗಿದೆ. ಕಿಲುಬಿದ ಪ್ಲಗ್ಗಿಗೆ ಹೊಸ ಸೆನ್ಸರ್ ಜೋಡಿಸಿದರೆ ಮುಂದಿನ ಮಳೆಗಾಲಕ್ಕೆ ದೀಪ ಮತ್ತೆ ಬರುತ್ತದೆ, ಆಗ 'ಈಗಿನ ಮಾಲೇ ಸರಿಯಿಲ್ಲ' ಎಂಬ ಮಾತೂ ಬರುತ್ತದೆ.

ಬಿಳಿ ಟೇಪಿನ ವಿಷಯದಲ್ಲೂ ನನಗೆ ಅವರೊಡನೆ ಜಗಳವಿದೆ. ನಲ್ಲಿಗೆ ಸುತ್ತಿದಂತೆ ಸೆನ್ಸರಿನ ಥ್ರೆಡ್ಡಿಗೂ ಮೂರ್ನಾಲ್ಕು ಸುತ್ತು ಟೆಫ್ಲಾನ್ ಸುತ್ತುವುದನ್ನು ಎಚ್ಚರಿಕೆಯ ಲಕ್ಷಣವೆಂದು ಹೊಗಳುತ್ತಾರೆ. ಒಂಟಿ ವೈರಿನ ಸ್ವಿಚ್ಚಿಗೆ ಅರ್ಥಿಂಗ್ ಸಿಗುವುದು ಆ ಥ್ರೆಡ್ಡಿನ ಮೂಲಕವೇ. ಟೇಪು ದಪ್ಪವಾಗಿ ಅರ್ಥಿಂಗ್ ತಪ್ಪಿದರೆ ಒತ್ತಡ ಸೊನ್ನೆಗಿಳಿದರೂ ದೀಪ ಹತ್ತುವುದಿಲ್ಲ. ತಾಮ್ರದ ವಾಷರ್ ಇರುವ ಸಮಥ್ರೆಡ್ಡಿಗೆ ಟೇಪೇ ಬೇಡ, ಹೊಸ ವಾಷರ್ ಸಾಕು. ಹರಿದ ಟೇಪಿನ ಎಳೆ ಎಣ್ಣೆನಾಳಕ್ಕೆ ಬಿದ್ದರೆ ಅದು ಹೋಗಿ ಕೂರುವ ಜಾಗ ನಮ್ಮ ಕೈಗೆ ಎಟಕುವುದಿಲ್ಲ. ಸೋರದಿರಲೆಂದು ಬಲವಾಗಿ ಬಿಗಿದು ಅಲ್ಯುಮಿನಿಯಂ ಫಿಲ್ಟರ್ ಹೆಡ್ಡನ್ನು ಸೀಳಿಕೊಳ್ಳುವುದೂ ಇದೇ ಪಂಥದ ಅಭ್ಯಾಸ.

ಇನ್ನೊಂದು ಪಾಳೆಯದವರು ಮನೆಯಲ್ಲಿ ಮುಟ್ಟಲೇಬಾರದು, ಕಂಪನಿ ವರ್ಕ್‌ಶಾಪಿಗೇ ಒಯ್ಯಬೇಕು ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಮಟ್ಟಿಗೆ ಅವರ ಮಾತಿಗೆ ಬೆಲೆಯಿದೆ. ಮೂರು ವೈರಿನ ಸೆನ್ಸರಿಗೆ ಐದು ವೋಲ್ಟ್ ಕಳಿಸಿ ಎಂಜಿನ್ ಕಂಪ್ಯೂಟರ್ ಓದಿಕೊಳ್ಳುತ್ತದೆ. ಹಳೆಯ ಲಾರಿಯಂತೆ ವೈರನ್ನು ಬಾಡಿಗೆ ಮುಟ್ಟಿಸಿ ನೋಡಿದರೆ ಹಾನಿಯಾದೀತು. ಆದರೆ ಈ ವಾದದ ಬುಡದಲ್ಲಿ ಒಂದು ದೊಡ್ಡ ತೂತಿದೆ. ಸ್ಕ್ಯಾನರ್ ಓದುವುದು ಅದೇ ಸೆನ್ಸರ್ ಕಳಿಸಿದ ಸಂಖ್ಯೆಯನ್ನು. ಆಯಿಲ್ ಪ್ರೆಶರ್ ಕಡಿಮೆ ಎಂಬ ಕೋಡ್ ಬಂದರೆ ಒತ್ತಡ ಕಡಿಮೆಯೋ ಸೆನ್ಸರ್ ಸುಳ್ಳೋ ಎಂದು ಆ ಪರದೆ ಒಂದರಿಂದಲೇ ಹೇಳಲಾಗದು. ಕೋಡ್ ನೋಡಿ ಸೆನ್ಸರ್ ಬದಲಿಸಿ, ಕೋಡ್ ಅಳಿಸಿ ಕಳಿಸುವ ವರ್ಕ್‌ಶಾಪಿಗೂ ಚೆಂಡಿಯಾದ ಅಂಗಳಕ್ಕೂ ಇರುವುದು ಬಿಲ್ಲಿನ ವ್ಯತ್ಯಾಸ. ಅಲ್ಲೂ ಗೇಜು ಹಾಕಿಸಿ ಎಂದು ಕೇಳಬೇಕು, ಕಣ್ಣೆದುರೇ ಹಾಕಿಸಿಕೊಳ್ಳಬೇಕು. ಮನೆಯವರ ಅರ್ಧಜ್ಞಾನವನ್ನು ಬಯ್ಯುವವರು ಈ ಅರ್ಧಜ್ಞಾನದ ಬಗ್ಗೆ ಮಾತೇ ಎತ್ತುವುದಿಲ್ಲ. ನನಗೆ ವರ್ಕ್‌ಶಾಪಿನವರ ಮೇಲೆಯೇ ಹೆಚ್ಚು ಕೋಪ. ಉಪಕರಣ ಅವರ ಬೀರುವಿನಲ್ಲಿದೆ.

ಮನೆಯಲ್ಲಿ ಮಾಡುವವರ ಪರವಾಗಿ ಹೇಳಬೇಕಾದದ್ದೂ ಇದೆ. ಸ್ವಂತ ಲಾರಿಗೆ ಕೈಹಾಕುವವನು ಪ್ಲಗ್ಗಿನೊಳಗೆ ಎಣ್ಣೆ ಜಿನುಗಿದೆಯೇ ಎಂದು ನೋಡುತ್ತಾನೆ, ವೈರು ಎಲ್ಲಿ ಉಜ್ಜುತ್ತಿದೆ ಎಂದು ಬೆರಳಾಡಿಸುತ್ತಾನೆ. ಸೆನ್ಸರೇ ಸೋರಿ ಪ್ಲಗ್ಗಿನಲ್ಲಿ ಎಣ್ಣೆ ತುಂಬಿದ್ದರೆ ಅದನ್ನು ಬದಲಿಸಲು ಬೇರೆ ಸಾಕ್ಷಿ ಬೇಡ. ಅಂಥವನ ಕೈಯಲ್ಲಿ ಗೇಜೂ ಇದ್ದರೆ ಈ ಕೆಲಸಕ್ಕೆ ಬಂದ ಹೆಸರು ನ್ಯಾಯವಾದದ್ದೇ. ನಾಲ್ಕಾರು ಮಾಲೀಕರು ಸೇರಿ ಒಂದು ಗೇಜು, ಅದಕ್ಕೆ ಬೇಕಾದ ಬೇರೆ ಬೇರೆ ಥ್ರೆಡ್ಡಿನ ತುದಿಗಳನ್ನು ಕೊಂಡಿಟ್ಟುಕೊಳ್ಳುವುದು ಕಷ್ಟವೇನಲ್ಲ. ಎಂಜಿನ್ ಸೀಜಾದರೆ ಆಗುವ ಲಕ್ಷದ ಲೆಕ್ಕದ ಮುಂದೆ ಆ ಖರ್ಚು ಏನೂ ಅಲ್ಲ.

ಕಾದ ಎಂಜಿನ್ನಿನಲ್ಲಿ ಗೇಜಿನ ಮುಳ್ಳು ಅರ್ಧ ಕೆಜಿಯನ್ನೂ ಮುಟ್ಟದಿದ್ದರೆ ಬಿಚ್ಚಿದ ಸ್ವಿಚ್ಚು ಸತ್ಯವನ್ನೇ ಹೇಳಿತ್ತು ಎಂದಾಯಿತು. ಹೊಸದರ ಡಬ್ಬಿ ಒಡೆಯಬೇಡಿ, ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆ. ಹಳೆಯದನ್ನೇ ಹೊಸ ವಾಷರಿನೊಡನೆ ಕೂರಿಸಿ, ಎಂಜಿನ್ ಮತ್ತೆ ಚಾಲೂ ಮಾಡದೆ, ಚೇಂಬರ್ ಇಳಿಸಿ ನೋಡಲು ಮೇಸ್ತ್ರಿಯನ್ನು ಅಂಗಳಕ್ಕೇ ಕರೆಸಿ.